ಬೆರಳೆತ್ತುವ ಸದ್ದು

ಚಳ್ಳಕೆರೆಯಲ್ಲಿ ಮಧ್ಯಾಹ್ನ ಕರೆಂಟು ಹೋದರೆ ಪೇಟೆಯವರೆಲ್ಲ ಬೈಯುತ್ತಿದ್ದರು. ಜಯದೇವಪ್ಪ ಮಾತ್ರ ಉಣ್ಣುತ್ತಿದ್ದ ಮುದ್ದೆಯನ್ನು ಬೇಗಬೇಗ ನುಂಗಿ, ಕೈ ತೊಳೆದು, ಮಾಳಿಗೆಯ ಮೆಟ್ಟಿಲು ಹತ್ತುತ್ತಿದ್ದ. ಅವನ ಧ್ವನಿಮುದ್ರಣದ ಕೋಣೆ ಇದ್ದದ್ದು ಶೇಂಗಾ ಎಣ್ಣೆಯ ಗಿರಣಿಗೆ ಅಂಟಿಕೊಂಡ ಕಟ್ಟಡದ ಮೇಲೆ. ಗಿರಣಿ ತಿರುಗುವಷ್ಟು ಹೊತ್ತೂ ಗೋಡೆ ಗುಂಯ್‌ಗುಡುತ್ತಿತ್ತು. ಮೈಕಿನ ಮುಂದೆ ಶಿವನಾಮ ಹೇಳಿದರೂ ಅದರ ಬೆನ್ನಿಗೆ ಎಣ್ಣೆ ಹಿಂಡುವ ಸದ್ದು ಸೇರಿಕೊಳ್ಳುತ್ತಿತ್ತು. ಕರೆಂಟು ಹೋದರೆ ಗಿರಣಿ ನಿಲ್ಲುತ್ತಿತ್ತು. ಜಯದೇವಪ್ಪನ ಕಂಪ್ಯೂಟರು ಮತ್ತು ಮೈಕು ಲಾರಿಯ ಎರಡು ಹಳೆಯ ಬ್ಯಾಟರಿಗಳ ಮೇಲೆ ನಡೆಯುತ್ತಿದ್ದವು. ಹೀಗಾಗಿ ಊರಿನ ಕೆಲಸ ನಿಂತ ಮೇಲೆ ಅವನ ಕೆಲಸ ಶುರುವಾಗುತ್ತಿತ್ತು.

"ಏನ್ ಜಯದೇವಪ್ಪಾರೆ, ಕರೆಂಟಿನೋರಿಗೆ ಹೇಳಿ ನೀವೇ ತೆಗೆಸ್ತೀರಂತೆ?" ಎಂದು ಗಿರಣಿಯ ದೊಡ್ಡೀರಪ್ಪ ಕೆಳಗಿನಿಂದ ಕೂಗಿ ಹಂಗಿಸುತ್ತಿದ್ದ.

"ನನ್ನ ಮಾತು ಅವರು ಕೇಳಿದ್ದಿದ್ರೆ ನಿನ್ನ ಗಿರಣಿ ವರ್ಷಪೂರ್ತಿ ನಿಂತಿರ್ತಿತ್ತು ಕಣಲೇ," ಎಂದು ಇವನು ಮೇಲಿನಿಂದ ಹೇಳುತ್ತಿದ್ದ.

ಎರಡು ಸಾವಿರದ ಎರಡನೆಯ ಇಸವಿಯ ಕಾರ್ತಿಕದ ಹೊತ್ತಿಗೆ ಆ ಮಾತೂ ನಿಂತಿತ್ತು, ಮೆಟ್ಟಿಲು ಹತ್ತುವ ಅವಸರವೂ ತಗ್ಗಿತ್ತು. ಅರವತ್ತೊಂದು ವರ್ಷದ ಮೊಣಕಾಲು ಒಂದು ಕಾರಣ. ಮೇಲೆ ಹೋದರೆ ಪಾತಣ್ಣ ಕೂರುತ್ತಿದ್ದ ಚಾಪೆ ಖಾಲಿಯಾಗಿ ಕಾಣುತ್ತಿದ್ದದ್ದು ಇನ್ನೊಂದು.

ಪಾತಣ್ಣ ಮೊಳಕಾಲ್ಮೂರಿನ ಮಗ್ಗದವನು. ಹಗಲೆಲ್ಲ ರೇಷ್ಮೆ ಸೀರೆ ನೇಯ್ದು, ಸಂಜೆ ಗಿಟಾರ್ ಹಿಡಿಯುತ್ತಿದ್ದ. ಜಯದೇವಪ್ಪನ ಭಜನಾ ಮಂಡಳಿಗೆ ಅವನು ಇಪ್ಪತ್ತೆರಡು ವರ್ಷ ಬಾರಿಸಿದ. ಹಾರ್ಮೋನಿಯಂ ಜಯದೇವಪ್ಪನದು. ಭಜನೆಗೆ ಗಿಟಾರ್ ಯಾಕೆ ಎಂದು ಮಠದಲ್ಲಿ ಮೊದಮೊದಲು ಮೂಗು ಮುರಿದವರೂ ಒಂದು ಸೋಮವಾರ ಅವನು ಬರದಿದ್ದರೆ "ಎಲ್ಲಿ ನಿಮ್ಮ ಗಿಟಾರ್ನೋನು?" ಎಂದು ಕೇಳುವಂತಾಗಿದ್ದರು. ಆದರೆ ಮಂಡಳಿಯ ಒಂದು ಕ್ಯಾಸೆಟ್ಟಿನ ಮೇಲೂ ಅವನ ಹೆಸರು ಅಚ್ಚಾಗಿರಲಿಲ್ಲ. ಹಾಡಿದವರ ಹೆಸರು, ಹಾರ್ಮೋನಿಯಂ ಜಯದೇವಪ್ಪನ ಹೆಸರು, ಆಮೇಲೆ ‘ಮತ್ತು ಸಂಗಡಿಗರು’. ಅದು ನಡೆದುಕೊಂಡು ಬಂದ ರೀತಿ, ಯಾರೂ ಯೋಚಿಸಿದ್ದಲ್ಲ.

ಆ ವರ್ಷದ ಬೇಸಿಗೆಯಲ್ಲಿ ಜಯದೇವಪ್ಪ ಒಂದು ಹೊಸ ಕೆಲಸಕ್ಕೆ ಕೈ ಹಾಕಿದ. ಒಂದು ವಾದ್ಯದ ಸ್ವರಗಳನ್ನು ಒಂದೊಂದಾಗಿ ಬಾರಿಸಿ ಕಂಪ್ಯೂಟರಿನಲ್ಲಿ ತುಂಬಿಟ್ಟರೆ, ಆಮೇಲೆ ಸಂಗೀತದ ಕೀಬೋರ್ಡಿನ ಮೇಲೆ ಬೆರಳೊತ್ತಿದಾಗ ಅದೇ ವಾದ್ಯ ನುಡಿಯುತ್ತದೆ ಎಂದು ದಾವಣಗೆರೆಯಲ್ಲಿ ಒಬ್ಬರು ತೋರಿಸಿಕೊಟ್ಟಿದ್ದರು. ಸಣ್ಣಪುಟ್ಟದ್ದಕ್ಕೆಲ್ಲ ಪಾತಣ್ಣನನ್ನು ತಳಕು ಊರನ್ನು ಹಾಯ್ದು ಬರುವ ಎರಡು ತಾಸಿನ ಬಸ್ಸಿನಲ್ಲಿ ಕರೆಸುವುದು ತಪ್ಪೀತು ಎಂಬುದು ಅವನ ಲೆಕ್ಕಾಚಾರ.

"ಒಟ್ನಲ್ಲಿ ನನ್ನ ಕೆಲಸ ಕಳೆಯಾಕೆ ನನ್ನ ಕೈಲೇ ಕೆಲಸ ಮಾಡಿಸ್ತೀರಿ," ಎಂದು ಪಾತಣ್ಣ ನಕ್ಕಿದ್ದ. ಆದರೂ ಹನ್ನೊಂದು ದಿನ ಬಂದು ಕೂತ. ಒಂದು ಸ್ವರ, ನಿಶ್ಶಬ್ದ. ಮತ್ತೊಂದು ಸ್ವರ, ನಿಶ್ಶಬ್ದ. ನಲವತ್ತೆರಡು ಸ್ವರ, ಒಂದೊಂದನ್ನು ಮೂರು ಬಗೆಯಲ್ಲಿ. ಕೊನೆಯ ದಿನ ಗಿಟಾರ್ ಕೆಳಗಿಟ್ಟು ಕೇಳಿದ, "ಯಜಮಾನ್ರೆ, ಈ ಸಲಾನೂ ನಾನು ಸಂಗಡಿಗರೇ ಏನ್ರಿ?"

ತಮಾಷೆಗೇ ಕೇಳಿದ್ದ. ಜಯದೇವಪ್ಪನಿಗೆ ಮಾತ್ರ ಅದು ಚುಚ್ಚಿತು. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿ ಹೇಳಿದ, "ಲಿಂಗದ ಮೇಲಾಣೆ. ನಿನ್ನ ಹೆಸರು ಅಚ್ಚಾಗದೆ ಮುಂದಿನ ಕ್ಯಾಸೆಟ್ಟು ಹೊರಗೆ ಬರಲ್ಲ."

"ಅಯ್ಯೋ, ಅಷ್ಟಕ್ಕೆಲ್ಲ ಲಿಂಗ ಯಾಕ್ರಿ ಮುಟ್ತೀರಾ," ಎಂದ ಪಾತಣ್ಣ, ಸಂಕೋಚಪಟ್ಟು.

ಆಷಾಢದಲ್ಲಿ ಮಂಡಳಿಯೆಲ್ಲ ಒಟ್ಟಿಗೆ ಕೂತು ಹೊಸ ಕ್ಯಾಸೆಟ್ಟಿನ ಐದು ಹಾಡು ಮುಗಿಸಿತು. ಆರನೆಯದು ಮಂಗಳ. ಹಾಡುವ ವೀರಮ್ಮ ಅದನ್ನೂ ಹಾಡಿಟ್ಟು ಹೋಗಿದ್ದಳು, ಪ್ರತಿ ಸಾಲಿನ ಕೊನೆಗೆ ಗಿಟಾರಿಗೆಂದು ಜಾಗ ಬಿಟ್ಟು. ಆ ಜಾಗ ತುಂಬಲು ಶ್ರಾವಣ ಕಳೆಯಲಿ, ಕೈಯಲ್ಲಿರುವ ಸೀರೆ ಮುಗಿಸಿ ಬರುತ್ತೇನೆ ಎಂದಿದ್ದ ಪಾತಣ್ಣ. ಶ್ರಾವಣದ ಮೂರನೆಯ ಸೋಮವಾರ, ಮಗ್ಗದ ಮುಂದೆ ಕೂತಲ್ಲೇ, ಎದೆ ಹಿಡಿದುಕೊಂಡು ಹೋಗಿಬಿಟ್ಟ. ಐವತ್ತಮೂರು ವರ್ಷ.

ಮಂಗಳವಿಲ್ಲದೆ ಭಜನೆಯನ್ನು ಮುಗಿಸುವಂತಿಲ್ಲ. ಜಯದೇವಪ್ಪ ಎರಡು ತಿಂಗಳು ಆ ಕೋಣೆಯ ಬಾಗಿಲು ತೆಗೆಯಲಿಲ್ಲ. ಆಮೇಲೆ ಒಂದು ದಿನ ಪೂಜೆ ಮುಗಿಸಿ ಹೋಗಿ, ಕೀಬೋರ್ಡಿನ ಮುಂದೆ ಕೂತು, ಪಾತಣ್ಣ ತುಂಬಿಟ್ಟುಹೋದ ಸ್ವರಗಳಿಂದ ತಾನೇ ಮಂಗಳವನ್ನು ಬಾರಿಸಿದ. ಕೇಳಿದವರು ಚೆನ್ನಾಗಿದೆ ಎಂದರು. ಕಾರ್ತಿಕದ ಕೊನೆಯ ಸೋಮವಾರ ಮಠದಲ್ಲಿ ಕ್ಯಾಸೆಟ್ಟು ಹೊರಗೆ ಬರಬೇಕು. ಅದರ ಕವರು ಒಂದು ವಾರ ಮುಂಚೆ ಅಚ್ಚಿಗೆ ಹೋಗಬೇಕು. ಹೆಸರು ಹೇಗೆ ಹಾಕಿಸಲಿ ಎಂದು ಕೇಳಿಕೊಂಡು, ಹಾಡನ್ನೂ ಕೇಳಿಸಿ ಬರೋಣವೆಂದು, ಟೇಪ್ ರೆಕಾರ್ಡರಿಗೆ ಹೊಸ ಸೆಲ್ಲು ಹಾಕಿಕೊಂಡು ಅವನು ಮೊಳಕಾಲ್ಮೂರಿನ ಬಸ್ಸು ಹತ್ತಿದ.

ಪಾತಣ್ಣನ ಹೆಂಡತಿ ಯರ್ರಮ್ಮ ಈಗ ಗಂಡನ ಬದಲು ಮಗ್ಗಕ್ಕೆ ಕೂರುತ್ತಿದ್ದಳು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವಳು ಇವನನ್ನು ಕಂಡು ಏಳಹೋದಳು. ಬೇಡವೆಂದು ಇವನು ಕೈ ಮಾಡಿದ. ನೀರು ಬಂತು, ಬೆಲ್ಲ ಬಂತು. ಅವನು ಟೇಪನ್ನು ಹಾಸುಗಲ್ಲಿನ ಮೇಲಿಟ್ಟು ಗುಂಡಿ ಒತ್ತಿದ.

ಐದು ಹಾಡು ಮುಗಿಯುವವರೆಗೂ ಯರ್ರಮ್ಮ ಅಲುಗಲಿಲ್ಲ. ಬಲಗೈಯಲ್ಲಿ ಒಂದು ತುಂಡು ರೇಷ್ಮೆಯ ಎಳೆ ಇತ್ತು, ಅದನ್ನೇ ಹೊಸೆಯುತ್ತಿದ್ದಳು. ಅಳಲಿಲ್ಲ. ಮೂರನೆಯ ಹಾಡಿನ ನಡುವೆ ಪಾತಣ್ಣ ಒಂದು ಕಡೆ ಜಾರಿ ಮತ್ತೆ ಹಿಡಿದುಕೊಂಡ ಜಾಗ ಬಂದಾಗ ಅವಳ ತುಟಿ ಸ್ವಲ್ಪ ಓರೆಯಾಯಿತು, ನಕ್ಕಳೋ ಏನೋ. ಆಮೇಲೆ ಮಂಗಳ ಶುರುವಾಯಿತು. ವೀರಮ್ಮನ ಮೊದಲ ಸಾಲು ಮುಗಿದು ಗಿಟಾರ್ ಬಂದಿತು. ಯರ್ರಮ್ಮ ಕೈಯ ಎಳೆಯನ್ನು ಕೆಳಗಿಟ್ಟಳು.

"ಕಾದು," ಎಂದಳು ತನ್ನಷ್ಟಕ್ಕೆ, ತೆಲುಗಿನಲ್ಲಿ. ಆಮೇಲೆ ಅವನಿಗೆಂದು ಕನ್ನಡದಲ್ಲಿ, "ಇದು ಅವ್ರಲ್ಲ ಅಣ್ಣಾರೆ."

ಜಯದೇವಪ್ಪ ಟೇಪು ನಿಲ್ಲಿಸಿದ. ಬೇಸಿಗೆಯ ಹನ್ನೊಂದು ದಿನದ ಕಥೆಯನ್ನು ಹೇಳಿದ. "ಒಂದೊಂದು ಸ್ವರಾನೂ ಅವನೇ ಬಾರಿಸಿದ್ದು ಕಣಮ್ಮ. ನಾನು ಜೋಡಿಸಿದ್ದು ಅಷ್ಟೆ."

"ಜೋಡಿಸಿರಬೌದು. ತಂತಿ ಮುಟ್ಟೋದು ಅವ್ರದೇ, ನಂಗೂ ಗೊತ್ತಾಗ್ತೈತೆ. ಆದ್ರೆ ತಂತಿ ಬಿಡೋದು ಇಲ್ಲ ಇದ್ರಾಗೆ. ಒಂದೊಂದು ಸಲಾನೂ ಯಾರೋ ಹಿಂದಿಂದ ಬಂದು ಬಾಯಿ ಮುಚ್ಚಿದಂಗೆ ಐತೆ."

ಇನ್ನೊಮ್ಮೆ ಕೇಳು ಎನ್ನಲು ಅವನಿಗೆ ಮನಸ್ಸಾಗಲಿಲ್ಲ. "ಹೆಸರು ಹೆಂಗೆ ಹಾಕಿಸ್ಲಿ? ಬರೀ ಪಾತಣ್ಣ ಅಂತಾನಾ, ಊರೂ ಸೇರಿಸ್ಲಾ?" ಎಂದು ಕೇಳಿದ.

"ಹಾಕಬ್ಯಾಡ್ರಿ."

"ಅಂದ್ರೆ?"

"ಹೆಸರೇ ಬ್ಯಾಡ."

"ಈ ಒಂದು ಹಾಡಿಗೆ ತೆಗೀತೀನಿ ಬಿಡು. ಐದಕ್ಕಾದ್ರೂ..."

"ಕೇಳೋರು ಒಂದೊಂದು ಹಾಡಿಗೆ ಒಂದೊಂದು ಹೆಸರು ಓದ್ತಾರೇನ್ರಿ? ಕೊನೇಗೆ ಇದನ್ನ ಕೇಳಿ, ಪಾತಣ್ಣನ ಕೈ ಸಾಯೋ ಮುಂದೆ ಹಿಂಗಾಗಿತ್ತು ಅಂತಾರೆ. ಇಪ್ಪತ್ತೆರಡು ವರ್ಷ ಹೆಸರಿಲ್ದೆ ಬಾರಿಸ್ಯಾರೆ. ಕೆಟ್ಟ ಹೆಸರು ಬರೋದಕ್ಕಿಂತ ಹಂಗೇ ಇದ್ದುಬಿಡ್ಲಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಜಯದೇವಪ್ಪನಿಗೆ ವಾದಿಸಲಾಗಲಿಲ್ಲ. ಲಿಂಗ ಮುಟ್ಟಿ ಆಡಿದ ಮಾತನ್ನು ಅವಳಿಗೆ ಹೇಳಲೂ ಇಲ್ಲ. ಹೇಳಿದರೆ ಅವಳ ಮೇಲೆ ಭಾರ ಹೊರಿಸಿದಂತಾಗುತ್ತಿತ್ತು. ವಾಪಸ್ಸು ಬರುವಾಗ ಬಸ್ಸಿನ ಕಿಟಕಿಯ ಸರಳಿಗೆ ತಲೆ ಆನಿಸಿ ಕೂತ. ಹೆಸರು ಹಾಕದಿದ್ದರೆ ಕ್ಯಾಸೆಟ್ಟು ಹೊರಡಿಸುವಂತಿಲ್ಲ. ಹಾಕಿದರೆ ಆ ಹೆಂಗಸಿನ ಮಾತು ಮೀರಿದಂತಾಗುತ್ತದೆ. ಕ್ಯಾಸೆಟ್ಟೇ ಬೇಡವೆಂದರೆ ಪಾತಣ್ಣ ಬಾರಿಸಿಟ್ಟ ಐದು ಹಾಡು ಪೆಟ್ಟಿಗೆಯಲ್ಲೇ ಉಳಿಯುತ್ತವೆ. ತಳಕು ದಾಟುವ ಹೊತ್ತಿಗೆ ಅವನಿಗೆ ಯೋಚಿಸುವುದೂ ಸಾಕಾಗಿತ್ತು.

ಮರುದಿನ ಹೆಡ್‌ಫೋನ್ ಹಾಕಿಕೊಂಡು ಮಂಗಳವನ್ನು ಹತ್ತು ಸಲ ಕೇಳಿದ. ಅವಳು ಹೇಳಿದ್ದು ನಿಜ. ಸ್ವರ ಹುಟ್ಟುತ್ತಿತ್ತು, ಮೊಳಗುತ್ತಿತ್ತು, ಆಮೇಲೆ ಬ್ಲೇಡಿನಿಂದ ಕುಯ್ದಂತೆ ಇಲ್ಲವಾಗುತ್ತಿತ್ತು. ತನಗೆ ಇದು ಮೊದಲು ಯಾಕೆ ಕೇಳಿಸಲಿಲ್ಲ ಎಂದುಕೊಂಡ. ಹಾರ್ಮೋನಿಯಂನವನಿಗೆ ಬೆರಳೆತ್ತುವುದೆಂದರೆ ಸದ್ದು ನಿಲ್ಲುವುದು. ಅಲ್ಲಿ ಕೇಳಿಸಿಕೊಳ್ಳಲು ಏನೂ ಇರುವುದಿಲ್ಲ.

ಊರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಮಗಳು ದೀಪಿಕಾ ಶಾಲೆ ಮುಗಿಸಿ ಬಂದು ಚಹಾ ತಂದಳು. ಅಪ್ಪನ ಮುಖ ನೋಡಿ, ಪಕ್ಕದಲ್ಲಿ ಕೂತು, ಪರದೆಯ ಮೇಲಿದ್ದುದನ್ನು ಓದತೊಡಗಿದಳು.

"ಅಪ್ಪಾ, ಈ ಖಾನೆಯೆಲ್ಲ ಯಾಕೆ ಖಾಲಿ?"

"ಯಾವ್ದು?"

"ಇದು. ರಿಲೀಸ್ ಸ್ಯಾಂಪಲ್ ಅಂತ ಐತೆ ನೋಡು. ಸಾಲಾಗಿ ಎಲ್ಲಾ ಖಾಲಿ."

"ಓ ಅದಾ. ಅದಕ್ಕಿನ್ನೂ ಟೈಮೈತೆ. ಕ್ಯಾಸೆಟ್ಟು ರಿಲೀಸ್ ಆದ್ಮೇಲೆ ಅಂಗಡಿಯೋರಿಗೆ ಒಂದೊಂದು ಸ್ಯಾಂಪಲ್ ಕೊಡಲ್ವಾ, ಅದನ್ನ ಅದ್ರಾಗೆ ಹಾಕಿಡೋದು. ಮಠದ ಕಾರ್ಯಕ್ರಮ ಆಗ್ಲಿ, ತುಂಬ್ತೀನಿ."

ದೀಪಿಕಾ ಚಹಾದ ಲೋಟ ಕೆಳಗಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ನಲವತ್ತೆರಡು ಖಾನೆ ಯಾಕೈತೆ ಅಂತ ನಿಂಗೆ ಅನ್ನಿಸ್ಲಿಲ್ವಾ?"

"ನಲವತ್ತೆರಡು ಅಂಗಡಿಗೆ ಇರ್ಬೇಕು ಅಂದ್ಕೊಂಡೆ."

ಅವಳು ಮತ್ತೆ ನಕ್ಕು, ಅಪ್ಪ ನಗದಿರುವುದನ್ನು ಕಂಡು ಸುಮ್ಮನಾದಳು. ಕಂಪ್ಯೂಟರಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕ ತೆಗೆದು, ಆ ಪುಟ ಹುಡುಕಿ, ಎರಡು ಸಲ ಓದಿಕೊಂಡಳು. "ಅಪ್ಪಾ, ಇಲ್ಲಿ ರಿಲೀಸ್ ಅಂದ್ರೆ ಬಿಡುಗಡೆ ಸಮಾರಂಭ ಅಲ್ಲ. ಕೀ ಬಿಡೋದು. ತಂತಿ ಮೇಲಿಂದ ಬೆರಳು ಎತ್ತಿದಾಗ ಒಂದು ಸದ್ದು ಬರುತ್ತಲ್ಲ, ಅದನ್ನೂ ಬೇರೆಯಾಗಿ ತುಂಬ್ಬೇಕಂತೆ. ಒಂದೊಂದು ಸ್ವರಕ್ಕೂ ಒಂದು. ಇಲ್ಲಾಂದ್ರೆ ಕತ್ತರಿಸಿದಂಗೆ ಕೇಳುತ್ತೆ ಅಂತ ಬರೆದವ್ರೆ."

ಜಯದೇವಪ್ಪ ಆ ಖಾಲಿ ಖಾನೆಗಳ ಸಾಲನ್ನು ಮತ್ತೆ ನೋಡಿದ. ಅವನಿಗೆ ಆ ಹನ್ನೊಂದು ದಿನಗಳು ನೆನಪಾದವು. ಮೊದಲ ದಿನವೇ ಅವನು ಹೇಳಿದ್ದ, "ನಾನು ಕೈ ತೋರಿಸೋವರೆಗೂ ಒತ್ತಿ ಹಿಡಿ. ಸ್ವರ ಪೂರ್ತಿ ಆರಿಹೋಗ್ಲಿ."

"ಎತ್ತೋದು ಬ್ಯಾಡ್ವೇನ್ರಿ?" ಎಂದು ಪಾತಣ್ಣ ಕೇಳಿದ್ದ.

"ಬ್ಯಾಡ. ಎತ್ತಿದ್ರೆ ಸದ್ದಿನಾಗೆ ಕಸ ಬರುತ್ತೆ."

"ಕಸ ಅಂತೀರಾ. ಸರಿ ಬಿಡ್ರಿ," ಎಂದು ಪಾತಣ್ಣ ಬೆರಳು ಒತ್ತಿ ಹಿಡಿದಿದ್ದ. ಹನ್ನೊಂದು ದಿನವೂ ಹಾಗೆಯೇ ಹಿಡಿದಿದ್ದ. ಎಲ್ಲಾದರೂ ಮರೆತು ಎತ್ತಿದ್ದರೆ ಆ ತುದಿಯನ್ನು ಜಯದೇವಪ್ಪನೇ ಕತ್ತರಿಸಿದ್ದ. ಡಿಸ್ಕಿನಲ್ಲಿ ಜಾಗ ಸಾಲದೆ ಮೂಲವನ್ನೂ ಅಳಿಸಿದ್ದ. ಐದು ಹಾಡಿನಲ್ಲಿ ಪಾತಣ್ಣನ ಬೆರಳು ಎದ್ದ ಸದ್ದು ಇತ್ತು, ಆದರೆ ತಬಲ, ತಾಳ, ವೀರಮ್ಮನ ಕಂಠ ಎಲ್ಲ ಒಂದೇ ಮೈಕಿನಲ್ಲಿ ಬೆರೆತು ಕೂತಿದ್ದವು. ಅದನ್ನು ಬಿಡಿಸಿ ತೆಗೆಯುವುದು ಯಾರಿಂದಲೂ ಆಗದ ಕೆಲಸ.

"ನಾನೇ ಬ್ಯಾಡ ಅಂದೆ ಕಣಮ್ಮ," ಎಂದ ಮಗಳಿಗೆ.

ಉಳಿದದ್ದು ಒಂದೇ ದಾರಿ. ಅದೇ ಗಿಟಾರನ್ನು ತರಿಸಿ, ಬೆರಳೆತ್ತುವ ಸದ್ದನ್ನು ಬೇರೆಯವರಿಂದ ಹೊಸದಾಗಿ ತುಂಬುವುದು. ಯರ್ರಮ್ಮನ ಪಕ್ಕದ ಮನೆಗೆ ಫೋನು ಮಾಡಿ, ಗಿಟಾರನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಲು ಹೇಳಿದ. ಯಾಕೆಂದು ಮಾತ್ರ ಪೂರ್ತಿ ಹೇಳಲಿಲ್ಲ.

ಗಿಟಾರಿನ ಜೊತೆ ಯರ್ರಮ್ಮನೇ ಬಂದಳು. ಹಳೆಯ ಸೀರೆಯೊಂದರಲ್ಲಿ ಅದನ್ನು ಸುತ್ತಿ, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. "ಕಂಡಕ್ಟರು ಮೇಲೆ ಟಾಪಿಗೆ ಹಾಕ್ತೀನಿ ಅಂದ. ಅದಕ್ಕೇ ನಾನೇ ಬಂದೆ. ಕೊಟ್ಟು ಸಂಜೆ ಬಸ್ಸಿಗೆ ಹೋಗ್ತೀನಿ," ಎಂದು ಬಾಗಿಲ ಬಳಿ ಕೂತಳು.

ಕರೆಂಟು ಹೋಗುವುದನ್ನು ಕಾದು ಜಯದೇವಪ್ಪ ಕೆಲಸ ಶುರುಮಾಡಿದ. ಎಡಗೈಯಿಂದ ತಂತಿ ಒತ್ತಿ, ಬಲಗೈಯಿಂದ ಮೀಟಿ, ಒತ್ತಿದ ಬೆರಳನ್ನು ಎತ್ತಿದ. ಶಾಲೆಗೆ ರಜೆ ಹಾಕಿ ಬಂದು ಹೆಡ್‌ಫೋನ್ ಹಾಕಿಕೊಂಡಿದ್ದ ದೀಪಿಕಾ ಮುಖ ಕಿವುಚಿದಳು. "ಪಟ್ ಅಂತೈತಪ್ಪಾ. ಗೋಡೆಗೆ ಅಂಟಿಸಿದ ಕಾಗದ ಕಿತ್ತಂಗೆ."

ಮತ್ತೊಮ್ಮೆ ಮಾಡಿದ. ಹಾರ್ಮೋನಿಯಂ ಬಾರಿಸಿ, ವಿಭೂತಿ ಹಚ್ಚಿ ಬದುಕಿದ ಬೆರಳು ಅದು. ತುದಿ ಮೆತ್ತಗಿತ್ತು, ತಂತಿಗೆ ಅಂಟಿಕೊಳ್ಳುತ್ತಿತ್ತು. ಹತ್ತನೆಯ ಸಲಕ್ಕೆ ಚರ್ಮ ಕೆಂಪಾಯಿತು.

"ಹಂಗೆ ಕೀಳಬಾರ್ದು ಅಣ್ಣಾರೆ, ಎಳೆ ಹರಿದೋಗ್ತೈತೆ," ಎಂದಳು ಯರ್ರಮ್ಮ ಕೂತಲ್ಲಿಂದಲೇ.

"ಇದು ಎಳೆಯಲ್ಲಮ್ಮ, ತಂತಿ."

"ಅವ್ರಿಗೆ ಎರಡೂ ಒಂದೇ ಇತ್ತು." ಅವಳು ಸುತ್ತಿ ತಂದ ಸೀರೆಯ ಅಂಚಿನಿಂದ ಒಂದು ದಾರ ಎಳೆದಳು, ಕಡಿದು ಎರಡು ಮಾಡಿದಳು. "ಮಗ್ಗದಾಗೆ ಎಳೆ ಕಡಿದ್ರೆ ಗಂಟು ಹಾಕಂಗಿಲ್ಲ, ಸೀರೆ ಮ್ಯಾಲೆ ಕಾಣ್ತೈತೆ. ಎರಡು ತುದೀನೂ ಬೆರಳಾಗಿಟ್ಟು ಹಿಂಗೆ ಹೊಸೀಬೇಕು. ಹೊಸೆದ್ಮೇಲೆ ಬೆರಳು ಮ್ಯಾಲಕ್ಕೆ ಎತ್ತಿದ್ರೆ ಎಳೆ ಬೆರಳಿನ ಜೊತೆಗೇ ಬಂದುಬಿಡ್ತೈತೆ. ಪಕ್ಕಕ್ಕೆ ಉಳ್ಳಿಸ್ತಾ ಉಳ್ಳಿಸ್ತಾ ಬಿಡ್ಬೇಕು." ಹೊಸೆದು, ಬಿಟ್ಟು, ತೋರಿಸಿದಳು. ದಾರ ಒಂದಾಗಿತ್ತು. "ಗಿಟಾರು ಕಲಿಯೋಕೆ ಮುಂಚೆ ಅವ್ರು ಮಗ್ಗದಾಗೆ ಹತ್ತು ವರ್ಷ ಎಳೆ ಜೋಡಿಸಿದ್ರು. ತಂತೀನೂ ಹಂಗೇ ಬಿಡ್ತಿದ್ರು. ನಂಗೆ ಮದುವೆಯಾದ ಹೊಸದ್ರಾಗೆ ಜೋಡಿಸೋದು ಕಲಿಸಿದ್ದೂ ಅವ್ರೇ."

ಜಯದೇವಪ್ಪ ಅವಳ ಬೆರಳುಗಳನ್ನು ನೋಡಿದ. ತುದಿಗಳು ಗಟ್ಟಿಯಾಗಿ, ರೇಷ್ಮೆ ಎಳೆ ಹಾಯ್ದ ಸಣ್ಣ ಗೆರೆಗಳಿಂದ ತುಂಬಿದ್ದವು. ಹೇಗೆ ಕೇಳುವುದೆಂದು ತಿಳಿಯದೆ ಗಿಟಾರನ್ನು ಸುಮ್ಮನೆ ಮುಂದೆ ಮಾಡಿದ.

"ನಂಗೆ ಬಾರಿಸೋಕೆ ಬರಲ್ರಿ."

"ಬಾರಿಸೋದು ಬ್ಯಾಡ. ಬಾರಿಸಿದ್ದು ಅವನದು ಐತೆ. ಬಿಡೋದೊಂದೇ ಬೇಕು."

ಆಗ ಅವನು ಎಲ್ಲವನ್ನೂ ಹೇಳಿದ: ರಿಲೀಸ್ ಸ್ಯಾಂಪಲ್ಲಿನ ಪೆದ್ದುತನ, ‘ಕಸ’ ಎಂದದ್ದು, ಹನ್ನೊಂದು ದಿನ ಪಾತಣ್ಣನ ಬೆರಳನ್ನು ಎತ್ತಗೊಡದೆ ಕೂರಿಸಿದ್ದು, ಕೊನೆಗೆ ಲಿಂಗ ಮುಟ್ಟಿದ್ದನ್ನೂ. ಯರ್ರಮ್ಮ ಸೆರಗನ್ನು ಸರಿಪಡಿಸಿಕೊಂಡು ಕೇಳುತ್ತಿದ್ದಳು. ಅಂಗಡಿಗೆ ಕೊಡುವ ಸ್ಯಾಂಪಲ್ ಎಂದಾಗ ಅವಳಿಗೂ ಸ್ವಲ್ಪ ನಗು ಬಂತು. "ಅವ್ರು ಇದ್ದಿದ್ರೆ ನಿಮ್ಮನ್ನ ವರ್ಷಗಟ್ಲೆ ಆಡ್ಕೊಂತಿದ್ರು," ಎಂದಳು. ಆಮೇಲೆ, "ಹೆಸರಿನ ಮಾತು ಆಮೇಲೆ ನೋಡಾಣ. ಮೊದ್ಲು ಕೇಳ್ತೀನಿ," ಎಂದು ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡಳು.

ದೀಪಿಕಾ ಅವಳ ಬಲಕ್ಕೆ ಕೂತು ತಂತಿ ಮೀಟುವುದು, ಯರ್ರಮ್ಮ ಎಡಗೈಯ ಬೆರಳೊತ್ತಿ ಬಿಡುವುದು, ಜಯದೇವಪ್ಪ ಕಂಪ್ಯೂಟರು ನೋಡಿಕೊಳ್ಳುವುದು ಎಂದಾಯಿತು. ಮೀಟಿದ ಸದ್ದನ್ನು ಆಮೇಲೆ ತೆಗೆದು, ಬಿಟ್ಟ ಸದ್ದನ್ನಷ್ಟೇ ಇಟ್ಟುಕೊಂಡರಾಯಿತು. ಮೊದಲ ಬೆರಳು ಎದ್ದಾಗ ಹೆಡ್‌ಫೋನಿನಲ್ಲಿ ಬಹಳ ಸಣ್ಣದಾಗಿ, ಒಣ ಎಲೆಯ ಮೇಲೆ ಇರುವೆ ಸರಿದಂತೆ, ಒಂದು ಸುಯ್ಯೆನ್ನುವ ಸದ್ದು ಬಂತು. ಅದರ ಹಿಂದೆ ತಂತಿಯ ಉಸಿರು ಮೆಲ್ಲಗೆ ಆರಿತು. ಜಯದೇವಪ್ಪ ಕಣ್ಣು ಮುಚ್ಚಿದ. ಇಪ್ಪತ್ತೆರಡು ವರ್ಷ ಪಕ್ಕದಲ್ಲಿ ಕೂತು ಕೇಳಿಯೂ ಕೇಳಿಸಿಕೊಳ್ಳದಿದ್ದ ಸದ್ದು ಅದು.

ಯರ್ರಮ್ಮ ಸಂಜೆಯ ಬಸ್ಸಿಗೆ ಹೋಗಲಿಲ್ಲ. ಜಯದೇವಪ್ಪನ ಹೆಂಡತಿ ಶಿವಬಸಮ್ಮ ಅವಳನ್ನು ಒಳಮನೆಯಲ್ಲಿ ತನ್ನ ಪಕ್ಕದಲ್ಲೇ ಮಲಗಿಸಿಕೊಂಡಳು. ಎರಡನೆಯ ದಿನವೂ ಕರೆಂಟು ಹೋದ ಎರಡು ತಾಸು ಕೆಲಸ ನಡೆಯಿತು. ಇಪ್ಪತ್ತೆಂಟು ಸ್ವರ ಮುಗಿದವು.

ಇಪ್ಪತ್ತೊಂಬತ್ತನೆಯದರಲ್ಲಿ ದೀಪಿಕಾ ಮೀಟಿದಳು. ಸ್ವರ ಮೊಳಗಿ, ಇಳಿದು, ಆರುತ್ತ ಬಂತು. ಯರ್ರಮ್ಮನ ಬೆರಳು ತಂತಿಯ ಮೇಲೇ ಇತ್ತು. ಸ್ವರ ಪೂರ್ತಿ ಆರಿಹೋಯಿತು. ಬೆರಳು ಏಳಲಿಲ್ಲ. ತಲೆ ಬಗ್ಗಿಸಿಕೊಂಡು, ಆ ತಂತಿಯನ್ನೇ ನೋಡುತ್ತ, ಅವಳು ಕೂತೇ ಇದ್ದಳು. ದೀಪಿಕಾ ಅಪ್ಪನ ಕಡೆ ನೋಡಿದಳು. ಅವನು ಸುಮ್ಮನಿರು ಎಂದು ಕಣ್ಣಿನಲ್ಲೇ ಹೇಳಿದ. ಬೇಸಿಗೆಯಲ್ಲಿ ತಾನು ಕೈ ತೋರಿಸಿದ ಮೇಲೆ ಪಾತಣ್ಣ ಬೆರಳೆತ್ತುತ್ತಿದ್ದ. ಈಗ ಕೈ ತೋರಿಸಲು ಅವನಿಗೆ ಧೈರ್ಯ ಬರಲಿಲ್ಲ. ಮನಸ್ಸಿನಲ್ಲೇ ಪಂಚಾಕ್ಷರಿ ಹೇಳಿಕೊಳ್ಳುತ್ತ ಕಾದ.

"ಇನ್ನೊಂದ್ಸಲ ಮೀಟಮ್ಮ," ಎಂದಳು ಯರ್ರಮ್ಮ ಕೊನೆಗೆ. ಮೀಟಿದ ಮೇಲೆ ಬಿಟ್ಟಳು. "ಮುಂದಿಂದು," ಎಂದಳು.

ಮೂರನೆಯ ದಿನ ಕರೆಂಟೇ ಹೋಗಲಿಲ್ಲ. ಹನ್ನೆರಡಾಯಿತು, ಎರಡಾಯಿತು, ಗಿರಣಿ ಗುಂಯ್‌ಗುಡುತ್ತಲೇ ಇತ್ತು. ಕವರು ಮರುದಿನ ಅಚ್ಚಿಗೆ ಹೋಗಬೇಕು. ಜಯದೇವಪ್ಪ ಬಾಲ್ಕನಿಗೆ ಬಂದು ನಿಂತ.

"ಇವತ್ತು ಹೋಗಲ್ವಂತ್ರಿ! ಏನ್ ಮಾಡ್ತೀರಾ? ಬರ್ರಿ, ಎಣ್ಣೆ ಹಿಂಡಾಣ," ಎಂದು ದೊಡ್ಡೀರಪ್ಪ ಕೆಳಗಿನಿಂದ ಕೂಗಿದ.

ಜಯದೇವಪ್ಪ ಮೊಣಕಾಲು ಹಿಡಿದುಕೊಂಡು ಕೆಳಗಿಳಿದು ಹೋದ. ಹತ್ತು ವರ್ಷದ ನೆರೆಯಲ್ಲಿ ಒಮ್ಮೆಯೂ ಕೇಳಿರದಿದ್ದನ್ನು ಕೇಳಿದ. "ಒಂದು ತಾಸು ನಿಲ್ಲಿಸ್ತೀಯೇನೋ? ಪಾತಣ್ಣಂದು ಹನ್ನೆರಡು ಸ್ವರ ಉಳಿದೈತೆ."

"ಯಾವ ಪಾತಣ್ಣ? ನಮ್ಮ ಗಿಟಾರ್ ಪಾತಣ್ಣನಾ?" ದೊಡ್ಡೀರಪ್ಪ ಕೈಯ ಎಣ್ಣೆ ಒರೆಸಿಕೊಂಡ. "ಅದನ್ನ ಮೊದ್ಲೇ ಹೇಳ್ಬಾರ್ದಾ. ಹತ್ತು ವರ್ಷದಿಂದ ಕೇಳ್ತೀರೇನೋ ಅಂತ ನಾನೂ ನೋಡ್ತಾನೇ ಇದೀನಿ." ಹೋಗಿ ಸ್ವಿಚ್ಚು ಇಳಿಸಿದ. ಆಳುಗಳು ಏನಾಯಿತೆಂದು ನೋಡುತ್ತ ನಿಂತರು. "ಊಟಕ್ಕೆ ಹೋಗ್ರಲೇ," ಎಂದು ಅವರನ್ನು ಕಳಿಸಿದ.

ಹನ್ನೆರಡೂ ಮುಗಿದವು. ಜಯದೇವಪ್ಪ ನಲವತ್ತೆರಡು ಖಾನೆಗಳನ್ನು ತುಂಬಿ, ಕೀಬೋರ್ಡಿನ ಮುಂದೆ ಕೂತು, ಮಂಗಳವನ್ನು ಮೊದಲಿನಿಂದ ಮತ್ತೆ ಬಾರಿಸಿದ. ತಪ್ಪಿದ ಕಡೆ ಮತ್ತೆ ಬಾರಿಸಿದ. ಸಂಜೆ ದೀಪ ಹಚ್ಚಿ, ಯರ್ರಮ್ಮನನ್ನು ಕರೆದು ಕೇಳಿಸಿದ.

ವೀರಮ್ಮನ ಸಾಲು ಮುಗಿಯಿತು, ಗಿಟಾರ್ ಬಂತು. ಸ್ವರ ಹುಟ್ಟಿ, ಮೊಳಗಿ, ಪಕ್ಕಕ್ಕೆ ಉರುಳಿ, ತಾನಾಗಿ ಹೋಯಿತು. ಮುಂದಿನದಕ್ಕೆ ಜಾಗ ಕೊಟ್ಟಿತು. ಯರ್ರಮ್ಮ ಕೊನೆಯವರೆಗೂ ಕೇಳಿದಳು. ಮುಗಿದ ಮೇಲೆ ಜಯದೇವಪ್ಪ ಕೇಳದೆಯೇ ಹೇಳಿದಳು.

"ಅವ್ರೇ ಅಂತ ಹೇಳಾಕಾಗಲ್ಲ ಅಣ್ಣಾರೆ. ಸುಳ್ಳು ಯಾಕೆ ಹೇಳ್ಲಿ, ದೇವರ ಹಾಡು. ಆದ್ರೆ ಅವ್ರ ಕೈ ಹಿಂಗಿರಲಿಲ್ಲ ಅಂತ ಯಾರೂ ಅನ್ನಂಗಿಲ್ಲ. ಹಾಕ್ರಿ ಹೆಸರು."

ಜಯದೇವಪ್ಪ ಕರಡಿಗೆಯ ಮೇಲೆ ಕೈಯಿಟ್ಟುಕೊಂಡ. ಕವರಿಗೆ ಬರೆದಿಟ್ಟಿದ್ದ ಕಾಗದವನ್ನು ತೆಗೆದು, ಹಾರ್ಮೋನಿಯಂ ಜಯದೇವಪ್ಪ ಎಂಬುದರ ಮೇಲಿನ ಸಾಲಿನಲ್ಲಿ ಬರೆಯತೊಡಗಿದ.

"ನಿನ್ನ ಹೆಸರೂ ಹಾಕ್ತೀನಮ್ಮ," ಎಂದ. "ಬಾರಿಸಿದ್ದು ಪಾತಣ್ಣ, ಬಿಟ್ಟಿದ್ದು ಯರ್ರಮ್ಮ. ಇದ್ದದ್ದನ್ನ ಇದ್ದಂಗೆ ಬರೆಯಾಣ."

"ಏನಂತ ಬರೀತೀರಿ?"

"ಅದೇ. ಬಿಟ್ಟವರು, ಯರ್ರಮ್ಮ."

ಯರ್ರಮ್ಮ ಮೊದಲು ದೀಪಿಕಾಳನ್ನು ನೋಡಿದಳು. ಆಮೇಲೆ ಇಬ್ಬರೂ ಒಟ್ಟಿಗೆ ನಗತೊಡಗಿದರು. ಯರ್ರಮ್ಮನಿಗಂತೂ ಕಣ್ಣಲ್ಲಿ ನೀರು ಬರುವಷ್ಟು ನಗು. "ಅಯ್ಯೋ ಅಣ್ಣಾರೆ, ಮೊಳಕಾಲ್ಮೂರಾಗೆ ಅದನ್ನ ಓದಿದೋರು, ನೋಡ್ರಪ್ಪಾ, ಗಂಡನ್ನ ಬಿಟ್ಟೋಳು ಅಂತ ಕ್ಯಾಸೆಟ್ಟಾಗೆ ಹಾಕಿಸ್ಕೊಂಡವ್ಳೆ ಅಂತಾರೆ. ನನ್ನ ಹೆಸರು ಬ್ಯಾಡವೇ ಬ್ಯಾಡ."

ಜಯದೇವಪ್ಪನಿಗೂ ನಗು ಬಂತು, ನಾಚಿಕೆಯೂ ಆಯಿತು. ಅದನ್ನು ಹೊಡೆದುಹಾಕಿ, ಉಳಿದದ್ದನ್ನು ಅಂದವಾಗಿ ಬರೆದು ಅವಳಿಗೆ ಓದಿ ಹೇಳಿದ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. "ಗಿಟಾರ್, ಪಾತಣ್ಣ, ಮೊಳಕಾಲ್ಮೂರು."

"ಇನ್ನೊಂದ್ಸಲ ಓದ್ರಿ."

ಓದಿದ.

"ಅಷ್ಟೇನಾ? ಸತ್ತೋರ ಹೆಸರಿನ ಹಿಂದೆ ಏನೋ ಬರೀತಾರಲ್ಲ."

"ದಿವಂಗತ ಅಂತ. ನಾನೇ ಬ್ಯಾಡ ಅಂತ ಬಿಟ್ಟೆ. ಹಾಡಿನಾಗೆ ಇದ್ದಾನಲ್ಲಮ್ಮ, ಅದ್ಯಾಕೆ ಆ ಮಾತು."

ಯರ್ರಮ್ಮ ಗಿಟಾರನ್ನು ಮತ್ತೆ ಸೀರೆಯಲ್ಲಿ ಸುತ್ತುತ್ತಿದ್ದಳು. ನಗು ಹೋಗಿ ಅವಳ ಮುಖಕ್ಕೆ ಹಳೆಯ ದಣಿವು ಬಂದಿತ್ತು. "ಬರೀರಿ ಅಣ್ಣಾರೆ. ಬರೀದಿದ್ರೆ ಇದನ್ನ ಕೇಳಿ ಯಾರಾದ್ರೂ ಮನೆ ಹುಡುಕ್ಕೊಂಡು ಬರ್ತಾರೆ, ನಮ್ಮೂರಾಗೆ ಭಜನೆ ಐತೆ, ಪಾತಣ್ಣನ್ನ ಕಳಿಸಮ್ಮ ಅಂತ. ಶ್ರಾವಣದಿಂದ ಏಳು ಜನ ಬಂದಾರೆ. ಬಾಗ್ಲಾಗೆ ನಿಂತು ಒಬ್ಬೊಬ್ರಿಗೂ ಹೇಳಿ ಹೇಳಿ ನಂಗೆ ಸಾಕಾಗೈತೆ."

ಜಯದೇವಪ್ಪ ಪೆನ್ನು ತೆಗೆದುಕೊಂಡ. ಪಾತಣ್ಣನ ಹೆಸರಿಗೆ ಮುಂಚೆ ಜಾಗ ಕಡಿಮೆ ಇತ್ತು. ಸಣ್ಣ ಅಕ್ಷರದಲ್ಲಿ ಬರೆದ, ಅಚ್ಚಿನವನಿಗೆ ಓದಲು ಬರುವ ಹಾಗೆ.